40×40 ಪ್ರೊಫೈಲ್‌ಗೆ ಟಿ-ನಟ್ ಕೂರುತ್ತಿಲ್ಲ: ಅರ್ಧ ಪೀಸಿಗೆ ಹೋಗುತ್ತದೆ, ಇನ್ನರ್ಧಕ್ಕೆ ಇಲ್ಲ

ಭಟ್ಟಿಮನೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡಕ್ಕಿ ಭಟ್ಟಿ. ಅಪ್ಪನ ಕಾಲದಿಂದ ಹುರಿದ ಮಂಡಕ್ಕಿಯನ್ನು ನೆಲಕ್ಕೆ ರಾಶಿ ಹಾಕಿ, ಕೈಜರಡಿಯಲ್ಲಿ ಮರಳು ಬೇರೆ ಮಾಡಿ ಚೀಲಕ್ಕೆ ತುಂಬುತ್ತೇವೆ. ಹೆಂಗಸರು ದಿನವಿಡೀ ಬಗ್ಗಿಯೇ ಕೆಲಸ ಮಾಡಬೇಕು. ಅದನ್ನು ನೋಡಿ ನೋಡಿ ಸಾಕಾಗಿ ಈ ಸಲ ಸೊಂಟದ ಎತ್ತರಕ್ಕೆ ಒಂದು ಮೇಜು, ಅದರ ಮೇಲೆ ಸಣ್ಣ ಮೋಟಾರಿನ ಜರಡಿ ಮಾಡೋಣ ಅಂತ ಹೊರಟಿದ್ದೇನೆ.

ಕಬ್ಬಿಣದ ಆ್ಯಂಗಲ್‌ನಲ್ಲಿ ವೆಲ್ಡಿಂಗ್ ಮಾಡಿಸಿದ್ದರೆ ಯಾವಾಗಲೋ ಮುಗಿಯುತ್ತಿತ್ತು. ಆದರೆ ಅಕ್ಕಿಗೆ ಉಪ್ಪುನೀರು ಕೊಟ್ಟು ಹುರಿಯುವ ಜಾಗ ಇದು, ಕಬ್ಬಿಣ ಒಂದೇ ವರ್ಷದಲ್ಲಿ ತುಕ್ಕು ಹಿಡಿಯುತ್ತದೆ. ಜರಡಿಯ ಎತ್ತರ, ಇಳಿಜಾರು ಎಲ್ಲ ಎಷ್ಟಿರಬೇಕು ಅಂತ ನನಗೇ ಇನ್ನೂ ಗೊತ್ತಿಲ್ಲ, ಬೇಕಾದಾಗ ಬಿಚ್ಚಿ ಬದಲಾಯಿಸುವಂತಿರಬೇಕು. ಅದಕ್ಕೇ ನಾಲ್ಕೂ ಕಡೆ ಉದ್ದಕ್ಕೂ ಗಾಡಿ (ಸ್ಲಾಟ್, ಅಂದರೆ ಸೀಳು) ಇರುವ ಅಲ್ಯೂಮಿನಿಯಂ ಪ್ರೊಫೈಲ್ ಪಟ್ಟಿ ತಂದೆ, ಆ ಗಾಡಿಯೊಳಗೆ ಟಿ-ನಟ್ ಕೂರಿಸಿ ಬೋಲ್ಟ್ ಬಿಗಿಯುವುದು. ಹೊಸದು 7 ಪೀಸ್ ಬೆಂಗಳೂರಿಂದ ತರಿಸಿದ್ದು, ಇನ್ನೂ 9 ಪೀಸ್ ಇಲ್ಲೇ ಗುಜರಿಯಲ್ಲಿ ಹಳೇ ಮಷೀನ್ ಬಿಚ್ಚಿದ್ದರಿಂದ ಸಿಕ್ಕಿದ್ದು. ಎಲ್ಲವೂ 40×40 ಮಿಲಿಮೀಟರ್. ನಟ್ ಆನ್‌ಲೈನಲ್ಲಿ ತರಿಸಿದೆ, ‘40 ಸೀರೀಸ್ ಎಂ8 ಹ್ಯಾಮರ್ ನಟ್’ ಅಂತ ಬರೆದಿತ್ತು (ಎಂ8 ಅಂದರೆ 8 ಮಿಲಿಮೀಟರ್ ದಪ್ಪದ ಬೋಲ್ಟ್‌ಗೆ, ಹ್ಯಾಮರ್ ನಟ್ ಅಂದರೆ ಗಾಡಿಯೊಳಗೆ ಇಳಿಸಿ ತಿರುಗಿಸುವ ಟಿ-ನಟ್), 200ರ ಪೊಟ್ಟಣ.

ಈಗ ಗೋಳು ಕೇಳಿ. ಹೊಸ 7 ಪೀಸಿಗೆ ಒಂದು ನಟ್ ಕೂಡ ಒಳಗೆ ಇಳಿಯುತ್ತಿಲ್ಲ. ಗುಜರಿಯದಕ್ಕೆ ಚೆನ್ನಾಗಿ ಹೋಗುತ್ತದೆ. ಆದರೆ ಅದರಲ್ಲೂ ಎರಡು ಪೀಸ್ ತಕರಾರು ಮಾಡುತ್ತಿವೆ. ಮಾರಿದವರನ್ನು ಕೇಳಿದರೆ ‘40ಕ್ಕೆ 40 ಕೊಟ್ಟಿದ್ದೇವೆ, ಸರಿಯಾಗೇ ಇದೆ’ ಅನ್ನುತ್ತಾರೆ. ಉಜ್ಜಿ ಸಣ್ಣ ಮಾಡಿ ತೂರಿಸಬಹುದಾ? ದಯವಿಟ್ಟು ಯಾರಾದರೂ ದಾರಿ ಹೇಳಿ.

ದುರ್ಗದ ಗಾಳಿ, ಚಿತ್ರದುರ್ಗ

ಅಣ್ಣ, ಉಜ್ಜಬೇಡಿ. 40 ಅನ್ನೋದು ಹೊರಗಿನ ಅಳತೆ ಅಷ್ಟೆ. ನಟ್‌ಗೆ ಅದು ಬೇಕಾಗೇ ಇಲ್ಲ. ನಟ್ ಕೂರುವುದು ಗಾಡಿಯ ಒಳಗೆ. ವರ್ನಿಯರ್ (ಅಳೆಯುವ ಕ್ಯಾಲಿಪರ್) ತಗೊಂಡು ಗಾಡಿಯ ಬಾಯಿ ಎಷ್ಟು ಅಗಲ ಇದೆ ನೋಡಿ. 40×40ರಲ್ಲೇ 8 ಮಿಲಿಮೀಟರ್ ಬಾಯಿಯದ್ದೂ ಬರುತ್ತದೆ, 10 ಮಿಲಿಮೀಟರ್ ಬಾಯಿಯದ್ದೂ ಬರುತ್ತದೆ. ಜರ್ಮನಿಯ ಐಟಂ ಕಂಪನಿಯ 40ಕ್ಕೆ 8ರ ಸ್ಲಾಟ್, ಬಾಷ್ ರೆಕ್ಸ್‌ರಾತ್‌ನ 40ಕ್ಕೆ 10ರ ಸ್ಲಾಟ್. ಉಳಿದವರು ಈ ಎರಡರಲ್ಲಿ ಯಾವುದನ್ನೋ ನೋಡಿಕೊಂಡು ಮಾಡುತ್ತಾರೆ. ಅದಕ್ಕೇ ಅಂಗಡಿಯವರು ಬರೀ ‘40’ ಅಂದರೆ ನಂಬಬಾರದು.

30×30ರದ್ದೂ ಇದೇ ಕಥೆ. ಒಂದು ಕಂಪನಿಯ ಮಾದರಿಗೆ 6, ಇನ್ನೊಂದಕ್ಕೆ 8. 20×20ರಲ್ಲೂ 5 ಮತ್ತು 6 ಎರಡೂ ಉಂಟು, ನಮ್ಮ ಕಡೆ ಜಾಸ್ತಿ ಸಿಗುವುದು 6.

ನನ್ನ ಊಹೆ: ನಿಮ್ಮ ಹೊಸ ಪೀಸ್ 8ರದ್ದು, ಗುಜರಿಯದ್ದು 10ರದ್ದು, ನಟ್ 10ರದ್ದು. ಅಳೆದು ಹಾಕಿ.

ಲ್ಯಾಬ್ ಅಕ್ಕ, ದಾವಣಗೆರೆ

ಬಾಯಿ ಒಂದನ್ನೇ ಅಳೆದರೆ ಸಾಲದು. ಮೂರು ಅಳತೆ ಬೇಕು. ಬಾಯಿಯ ಅಗಲ. ಒಳಗೆ ನಟ್ ಕೂರುವ ಹೊಟ್ಟೆಯ ಅಗಲ. ಮೇಲ್ಮೈಯಿಂದ ತಳದವರೆಗೆ ಆಳ. ವರ್ನಿಯರ್‌ನ ಹಿಂದಿನಿಂದ ತೆಳ್ಳನೆ ಕಡ್ಡಿ ಹೊರಬರುತ್ತದಲ್ಲ, ಆಳಕ್ಕೆ ಅದು. ಒಳ ಅಗಲವನ್ನು ಪೀಸಿನ ತುದಿ ಕಡೆಯಿಂದ ಅಳೆಯಿರಿ. ತುದಿಯಲ್ಲಿ ಕಟಿಂಗ್ ಜಿಬುರು ಇದ್ದರೆ ಮೊದಲು ಅರದಿಂದ ಎರಡು ಸಲ ಎಳೆದುಬಿಡಿ, ಇಲ್ಲದಿದ್ದರೆ ಅಳತೆ ಸುಳ್ಳು ಹೇಳುತ್ತದೆ.

ಆಮೇಲೆ ತುಟಿಯ ದಪ್ಪ. ಬಾಯಿಯ ಎರಡೂ ಕಡೆ ಒಳಕ್ಕೆ ಚಾಚಿಕೊಂಡಿರುವ ಭಾಗಕ್ಕೆ ನಾನು ತುಟಿ ಅನ್ನುತ್ತೇನೆ. ನಟ್ ಹಿಡಿಯುವುದೇ ಆ ತುಟಿಯನ್ನು. ನಟ್‌ನ ಕುತ್ತಿಗೆ ತುಟಿಗಿಂತ ಎತ್ತರ ಇದ್ದರೆ ಅದು ಹೊರಗೆ ಬಂದು ಬ್ರಾಕೆಟ್‌ಗೆ ತಾಗುತ್ತದೆ. ಬೋಲ್ಟ್ ಬಿಗಿಯಾಯಿತು ಅನ್ನಿಸುತ್ತದೆ, ಆದರೆ ಬ್ರಾಕೆಟ್ ಸರಾಗವಾಗಿ ಜಾರುತ್ತಲೇ ಇರುತ್ತದೆ.

ನಮ್ಮ ಲ್ಯಾಬಿನಲ್ಲಿ ವಿದ್ಯಾರ್ಥಿಗಳು ಪ್ರತಿ ವರ್ಷ ಎಡವುವ ಇನ್ನೊಂದು ಜಾಗ ಹೇಳುತ್ತೇನೆ. ‘8ರ ಸ್ಲಾಟ್’ ಅಂದರೆ ಎಂ8 ಬೋಲ್ಟ್ ಅಂತ ಅರ್ಥ ಅಲ್ಲ. 8ರ ಸ್ಲಾಟ್‌ಗೆ ಎಂ4, ಎಂ5, ಎಂ6, ಎಂ8 ನಾಲ್ಕೂ ಥ್ರೆಡ್‌ನ ನಟ್ ಸಿಗುತ್ತವೆ. ನಟ್‌ನ ಹೊರಮೈ ಸ್ಲಾಟ್‌ಗೆ ಹೊಂದಬೇಕು, ಒಳಗಿನ ಥ್ರೆಡ್ ಬೋಲ್ಟ್‌ಗೆ ಹೊಂದಬೇಕು. ಆರ್ಡರ್ ಮಾಡುವಾಗ ಎರಡನ್ನೂ ಬರೆಯಬೇಕು.

ಭಟ್ಟಿಮನೆ

ಅಕ್ಕ, ಅಳೆದೆ. ರಾತ್ರಿ ಹತ್ತಕ್ಕೆ ಭಟ್ಟಿ ಆರಿದ ಮೇಲೆ ಟಾರ್ಚ್ ಹಿಡಿದು ಕೂತೆ. ಹೊಸ 7 ಪೀಸಿನ ಬಾಯಿ 8.2. ಆಳ 12ರ ಸುತ್ತ. ಗುಜರಿಯ 7 ಪೀಸಿನ ಬಾಯಿ 10.1. ಗಾಳಿಯವರು ಹೇಳಿದ್ದೇ ನಿಜ, ನಟ್ 10ರದ್ದು.

ಉಳಿದ ಎರಡು ಗುಜರಿ ಪೀಸಿನ ಬಾಯಿ 8.1. ಹಾಗಾದರೆ ಅವು ಹೊಸದರ ಜೊತೆಗೆ ಹೋಗುತ್ತವೆ ಅಂದುಕೊಂಡೆ. ಅದರ ಒಳಗೆ ಹಳೇ ನಟ್ ನಾಲ್ಕು ಇದ್ದವು. ಎಂ8 ಅಲೆನ್ ಬೋಲ್ಟ್ ಹಾಕಿದೆ. ಎರಡು ಸುತ್ತು ಬೆರಳಲ್ಲೇ ಹೋಯಿತು, ಮೂರನೆಯದಕ್ಕೆ ಗಟ್ಟಿ ಕಚ್ಚಿಕೊಂಡಿತು. ಕೀ ಹಾಕಿ ತಿರುಗಿಸಲೋ ಬೇಡವೋ ಅಂತ ನಿಲ್ಲಿಸಿದ್ದೇನೆ.

ಹರಿಹರ ಲೇತ್

ನಿಲ್ಲಿಸಿ. ತಿರುಗಿಸಲೇಬೇಡಿ. ಆ ಎರಡು ಪೀಸಿನ ಹೊರ ಅಳತೆ ಹಾಕಿ.

ಭಟ್ಟಿಮನೆ

38.1 ಬರುತ್ತಿದೆ ಯಜಮಾನ್ರೆ. ಪಕ್ಕದಲ್ಲಿಟ್ಟು ನೋಡಿದರೂ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ.

ಹರಿಹರ ಲೇತ್

ಅದು ಇಂಚಿನ ಮಾಲು. ಒಂದೂವರೆ ಇಂಚು ಅಂದರೆ 38.1. ಅಮೆರಿಕದ 80/20 ಕಂಪನಿಯವರು 15 ಸೀರೀಸ್ ಅಂತ ಕರೆಯುವುದು ಇದೇ ಅಳತೆ, ಅವರ 10 ಸೀರೀಸ್ ಒಂದು ಇಂಚಿನದು. ಹೊರದೇಶದಿಂದ ಬಂದ ಮಷೀನ್ ಬಿಚ್ಚಿದಾಗ ಇಂಥದ್ದು ಗುಜರಿಗೆ ಬರುತ್ತದೆ. 15 ಸೀರೀಸ್‌ಗೆ ಹಾಕುವ ಬೋಲ್ಟ್ 5/16 ಇಂಚು, ಇಂಚಿಗೆ 18 ಥ್ರೆಡ್. ಮಿಲಿಮೀಟರ್‌ನಲ್ಲಿ ಹೇಳಿದರೆ ದಪ್ಪ 7.94. ನಿಮ್ಮ ಎಂ8ರ ದಪ್ಪ 8. ಕೈಗೆ ಎರಡೂ ಒಂದೇ ಅನ್ನಿಸುತ್ತವೆ. ಆದರೆ ಎಂ8ರಲ್ಲಿ ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ 1.25, ಅದರಲ್ಲಿ 1.41. ಅದಕ್ಕೇ ಎರಡು ಸುತ್ತು ಒಪ್ಪಿಕೊಂಡು ಮೂರನೆಯದಕ್ಕೆ ಕಚ್ಚಿದ್ದು. ಕೀ ಹಾಕಿ ಎಳೆದಿದ್ದರೆ ನಟ್ಟೂ ಹೋಗುತ್ತಿತ್ತು ಬೋಲ್ಟೂ ಹೋಗುತ್ತಿತ್ತು.

ಬೋಲ್ಟ್ ಬೆರಳಲ್ಲಿ ಕೊನೆವರೆಗೆ ಓಡಬೇಕು. ಓಡದಿದ್ದರೆ ಅದು ಅದರ ಜೋಡಿ ಅಲ್ಲ. ಕೀ ಇರುವುದು ಬಿಗಿ ಮಾಡಲಿಕ್ಕೆ, ಒಳಗೆ ತೂರಿಸಲಿಕ್ಕೆ ಅಲ್ಲ.

ಆ ಎರಡು ಪೀಸ್ ಪಕ್ಕಕ್ಕಿಡಿ. 38.1ನ್ನು 40ರ ಜೊತೆ ಸೇರಿಸಿದರೆ ಮೇಜು ಸುಮಾರು 2 ಮಿಲಿಮೀಟರ್ ಕುಂಟುತ್ತದೆ.

ಬೆಣ್ಣೆನಗರಿ ಪ್ರಿಂಟರ್

ನಾನು ಇಂಜಿನಿಯರಿಂಗ್ ಮೂರನೇ ವರ್ಷ. ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು 20×20ರ 3ಡಿ ಪ್ರಿಂಟರ್, 6ರ ಸ್ಲಾಟ್, ಎಂ5 ಹ್ಯಾಮರ್ ನಟ್, 2 ಮಿಲಿಮೀಟರ್ ದಪ್ಪದ ಪ್ಲೇಟ್, ಎಂ5×10 (10 ಮಿಲಿಮೀಟರ್ ಉದ್ದದ) ಬಟನ್ ಹೆಡ್ (ಗುಂಡನೆ ತಲೆಯ) ಬೋಲ್ಟ್. ಎಲ್ಲ ಗಟ್ಟಿಯಾಗಿ ಬಿಗಿದಿದ್ದೇನೆ. ಆದರೂ ಪ್ಲೇಟ್ ಕೈಯಲ್ಲಿ ಅಲ್ಲಾಡುತ್ತದೆ. ಬೋಲ್ಟ್ ಮಾತ್ರ ಕಲ್ಲಿನ ಹಾಗೆ ನಿಂತಿದೆ. ಯಾಕೆ?

ದುರ್ಗದ ಗಾಳಿ

ಬೋಲ್ಟ್ ಉದ್ದ ಆಯ್ತು ತಮ್ಮಾ. 20ರ ಪ್ರೊಫೈಲ್‌ನ ಗಾಡಿ ಆಳ ಸುಮಾರು 6. ನಿನ್ನ ಪ್ಲೇಟ್ 2. ಒಟ್ಟು 8. ನೀನು 10ರ ಬೋಲ್ಟ್ ಹಾಕಿದ್ದೀಯ. ಅದರ ಮೂತಿ ಗಾಡಿಯ ತಳಕ್ಕೆ ಹೋಗಿ ಗುದ್ದಿ ನಿಂತಿದೆ. ನೀನು ಬಿಗಿದದ್ದೆಲ್ಲ ತಳದ ಮೇಲೆ ಬಿತ್ತು, ಪ್ಲೇಟಿನ ಮೇಲೆ ಬೀಳಲೇ ಇಲ್ಲ. ಬಿಚ್ಚಿ ಟಾರ್ಚ್ ಬಿಟ್ಟು ನೋಡು, ತಳದಲ್ಲಿ ಬೋಲ್ಟ್ ಮೂತಿಯ ದುಂಡನೆಯ ಗುರುತು ಬೆಳ್ಳಗೆ ಹೊಳೆಯುತ್ತಿರುತ್ತದೆ.

ಎಂ5×8 ತಗೋ, ಕೆಳಗೆ ಒಂದು ವಾಷರ್ ಹಾಕು. ಎಂ5 ವಾಷರ್ 1 ಮಿಲಿಮೀಟರ್ ದಪ್ಪ. ಆಗ ತಳಕ್ಕೆ ಒಂದು ಮಿಲಿಮೀಟರ್ ಗಾಳಿ ಉಳಿಯುತ್ತದೆ.

ಬೆಣ್ಣೆನಗರಿ ಪ್ರಿಂಟರ್

ಬಿಚ್ಚಿ ನೋಡಿದೆ ಸರ್. ನೀವು ಹೇಳಿದ ದುಂಡನೆ ಗುರುತು ಹದಿನಾಲ್ಕು ಕಡೆ ಇದೆ! ಎರಡು ತಿಂಗಳಿಂದ ಬೆಲ್ಟ್ ತಪ್ಪು, ಸಾಫ್ಟ್‌ವೇರ್ ತಪ್ಪು ಅಂತ ಅದರ ಹಿಂದೆಯೇ ಬಿದ್ದಿದ್ದೆ. ನಾಳೆ ಬೆಳಿಗ್ಗೆಯೇ ಮಂಡಿಪೇಟೆಗೆ ಹೋಗಿ 8ರ ಬೋಲ್ಟ್ ತರುತ್ತೇನೆ.

ಹರಿಹರ ಲೇತ್

ಈ ಹುಡುಗನಿಗೆ ಆದದ್ದು ಹಳೇ ರೋಗ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್ ಮಾಡುತ್ತಿದ್ದರಲ್ಲ, ಅಲ್ಲಿ ದುಡಿದ ಹಿರಿಯರ ಕೈಕೆಳಗೆ ನಾನು ಕಲಿತವನು. ಟಿ-ನಟ್ ಅನ್ನೋದು ಈ ಅಲ್ಯೂಮಿನಿಯಂ ಜೊತೆ ಬಂದ ಹೊಸ ವಸ್ತು ಅಲ್ಲ. ಮಿಲ್ಲಿಂಗ್ ಮಷೀನಿನ ಟೇಬಲ್‌ನಲ್ಲಿ ಇದೇ ಗಾಡಿ, ಇದೇ ನಟ್. ಅಲ್ಲಿ ಬೋಲ್ಟ್ ನಟ್ ದಾಟಿ ತಳಕ್ಕೆ ಒತ್ತಿದರೆ ನಟ್ ಮೇಲಕ್ಕೆ ಎದ್ದು ಎರಕದ ತುಟಿಯೇ ಮುರಿದು ಬರುತ್ತದೆ. ಟೇಬಲ್ ಹಾಳು. ಅದಕ್ಕೇ ಒಳ್ಳೆ ಟಿ-ನಟ್‌ನ ಕೆಳಗಿನ ಕೊನೆ ಥ್ರೆಡ್ಡನ್ನು ಬೇಕಂತಲೇ ಜಜ್ಜಿರುತ್ತಾರೆ, ಬೋಲ್ಟ್ ಆಚೆ ಹೋಗಬಾರದು ಅಂತ. ನನ್ನ ಗುರುಗಳು ಮೊದಲ ದಿನವೇ ನಟ್ ತಿರುವಿ ಹಾಕಿ ಆ ಜಜ್ಜಿದ ಥ್ರೆಡ್ ತೋರಿಸಿ, ಇದು ಯಾಕಿದೆ ಹೇಳು ಅಂದಿದ್ದರು. ಒಂದು ವಾರ ಬೇಕಾಯಿತು ನನಗೆ ಉತ್ತರ ಹೇಳಲಿಕ್ಕೆ.

ಈ ಪ್ರೊಫೈಲ್‌ಗೆ ಬರುವ ಅಗ್ಗದ ನಟ್‌ಗಳಲ್ಲಿ ಆ ಜಜ್ಜು ಇರುವುದಿಲ್ಲ. ಲೆಕ್ಕ ನೀವೇ ಹಾಕಬೇಕು.

ಭಟ್ಟಿಯವರೆ, ನಿಮ್ಮ 8ರ ಸ್ಲಾಟ್‌ಗೆ ಲೆಕ್ಕ ನೋಡಿ. ಬ್ರಾಕೆಟ್ 6 ದಪ್ಪ ಅಂತ ಇಟ್ಟುಕೊಳ್ಳಿ. ಎಂ8 ವಾಷರ್ 1.6. ಗಾಡಿ ಆಳ 12. ಮೂರೂ ಸೇರಿದರೆ 19.6. ಎಂ8×20 ಹಾಕಿದಿರೋ, 0.4 ಮಿಲಿಮೀಟರ್ ಜಾಸ್ತಿಯಾಯಿತು, ತಳಕ್ಕೆ ಗುದ್ದಿತು. ಎಂ8×16 ಹಾಕಿದರೆ ಗಾಡಿಯೊಳಗೆ 8.4 ಇಳಿಯುತ್ತದೆ, ನಟ್‌ನ ಥ್ರೆಡ್ ತುಂಬ ಹಿಡಿಯುತ್ತದೆ, ತಳಕ್ಕೂ ದೂರ. ಅಂಗಡಿಯಲ್ಲಿ 20 ಇದೆ, 16 ಇಲ್ಲ ಅಂತ ಹೇಳಿ 20 ಕೊಡಲಿಕ್ಕೆ ಬರುತ್ತಾರೆ. ತಗೋಬೇಡಿ. ಬೇರೆ ದಾರಿಯೇ ಇಲ್ಲದಿದ್ದರೆ ಎರಡು ವಾಷರ್ ಹಾಕಿ.

ಭಟ್ಟಿಮನೆ

ಯಜಮಾನ್ರೆ, ಬ್ರಾಕೆಟ್ ಅಳೆದೆ, ಸರಿಯಾಗಿ 6 ಇದೆ. 16ರದ್ದೇ ತರುತ್ತೇನೆ.

ಇನ್ನೊಂದು ವಿಷಯ. ನನ್ನ ಎಲ್ ಬ್ರಾಕೆಟ್ ಎರಕದ್ದು. ಅದರ ಕೆಳಗೆ ಎರಡು ಸಣ್ಣ ಉಬ್ಬು ಇದೆ. 10ರ ಪ್ರೊಫೈಲ್‌ನ ಗಾಡಿಗೆ ಆ ಉಬ್ಬು ಸರಿಯಾಗಿ ಕೂರುತ್ತದೆ, 8ರದ್ದಕ್ಕೆ ಕೂರುವುದಿಲ್ಲ, ಬ್ರಾಕೆಟ್ ಎದ್ದು ನಿಲ್ಲುತ್ತದೆ. ಇದನ್ನೂ ಬದಲಾಯಿಸಬೇಕಾ?

ಲ್ಯಾಬ್ ಅಕ್ಕ

ಆ ಉಬ್ಬು ಇರುವುದು ಬ್ರಾಕೆಟ್ ಓರೆಯಾಗದ ಹಾಗೆ ದಾರಿ ತೋರಿಸಲಿಕ್ಕೆ. ಭಾರ ಹೊರುವುದು ಅದಲ್ಲ. 8ರ ಪ್ರೊಫೈಲ್‌ಗೆ ಹಾಕುವ ಬ್ರಾಕೆಟ್‌ಗಳಲ್ಲಿ ಉಬ್ಬನ್ನು ಅರದಿಂದ ಪೂರ್ತಿ ತೆಗೆದು ಮಟ್ಟ ಮಾಡಿಬಿಡಿ. ಮೂಲೆಮಟ್ಟ ಇಟ್ಟು 90 ಡಿಗ್ರಿ ನೋಡಿಕೊಂಡು ಬಿಗಿಯಿರಿ. ಅರ್ಧಂಬರ್ಧ ಉಜ್ಜಿದರೆ ಮಾತ್ರ ಕಷ್ಟ, ಬ್ರಾಕೆಟ್ ಆ ಉಳಿದ ಉಬ್ಬಿನ ಮೇಲೆ ತೂಗಾಡುತ್ತದೆ.

ಎರಡು ತರದ ಪ್ರೊಫೈಲ್‌ಗಳನ್ನು ಒಂದೇ ಚೌಕಟ್ಟಿನಲ್ಲಿ ಬಳಸಬಹುದು. ಹೊರಗೆ ಎರಡೂ 40. ಕಾಲುಗಳಿಗೆಲ್ಲ ಒಂದು ತರ, ಮೇಲಿನ ಚೌಕಕ್ಕೆಲ್ಲ ಇನ್ನೊಂದು ತರ ಅಂತ ಮಾಡಿಕೊಳ್ಳಿ. ಎರಡು ಡಬ್ಬಿ ಇಟ್ಟು ಒಂದಕ್ಕೆ ‘8’, ಒಂದಕ್ಕೆ ‘10’ ಅಂತ ದೊಡ್ಡದಾಗಿ ಬರೆಯಿರಿ. ನಟ್ ಕಲೆತುಹೋದರೆ ಅರ್ಧ ದಿನ ಆರಿಸುವುದಕ್ಕೇ ಹೋಗುತ್ತದೆ.

ಚಳ್ಳಕೆರೆ ಗಾಣ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಮ್ಮದು ಶೇಂಗಾ ಎಣ್ಣೆ ಗಾಣ. ಶೇಂಗಾ ಜರಡಿಯ ಚೌಕಟ್ಟು ಇದೇ ಪ್ರೊಫೈಲ್‌ನಲ್ಲಿ ಮಾಡಿ ಮೂರು ವರ್ಷ ಆಯಿತು. ಭಟ್ಟಿಯವರೆ, ನೀವು ಹ್ಯಾಮರ್ ನಟ್ ತಂದಿದ್ದೀರಿ ಅಂತ ಓದಿ ಮನಸ್ಸು ತಡೆಯಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅಲ್ಲಾಡುವ ಜಾಗಕ್ಕೆ ಅದನ್ನು ಹಾಕಬೇಡಿ.

ಹ್ಯಾಮರ್ ನಟ್ ಹೇಗೆ ಕೆಲಸ ಮಾಡುತ್ತದೆ ನೋಡಿ. ಉದ್ದಕ್ಕೆ ಹಿಡಿದರೆ ಬಾಯಿಯಲ್ಲಿ ಇಳಿಯುತ್ತದೆ. ಬೋಲ್ಟ್ ತಿರುಗಿಸಿದಾಗ ಅದೂ ಕಾಲು ಸುತ್ತು ತಿರುಗಿ ಅಡ್ಡಕ್ಕೆ ನಿಲ್ಲುತ್ತದೆ. ಅದರ ಎರಡು ಮೂಲೆ ದುಂಡಗೆ, ಎರಡು ಮೂಲೆ ಚೂಪಗೆ ಇರುವುದು ಅದಕ್ಕೇ. ದುಂಡನೆ ಮೂಲೆ ತಿರುಗಲು ಬಿಡುತ್ತದೆ, ಚೂಪು ಮೂಲೆ ಗೋಡೆಗೆ ತಾಗಿ ನಿಲ್ಲಿಸುತ್ತದೆ. ಅನುಕೂಲ ಹೌದು, ಚೌಕಟ್ಟು ಕಟ್ಟಿದ ಮೇಲೂ ಮಧ್ಯೆ ಎಲ್ಲಿ ಬೇಕಾದರೂ ಹಾಕಬಹುದು. ಆದರೆ ತುಟಿಯನ್ನು ಹಿಡಿಯುವ ಜಾಗ ಕಡಿಮೆ. ಮೇಲಾಗಿ ಅದು ಪೂರ್ತಿ ತಿರುಗಿತೋ ಅರ್ಧ ತಿರುಗಿತೋ ಹೊರಗಿಂದ ಕಾಣುವುದಿಲ್ಲ.

ನಮ್ಮಲ್ಲಿ ಮೊದಲ ವರ್ಷ ಎಲ್ಲ ಹ್ಯಾಮರ್ ನಟ್ ಹಾಕಿದ್ದೆವು. ಒಂದು ದಿನ ಮಧ್ಯಾಹ್ನ ಜರಡಿ ಓಡುತ್ತಿರುವಾಗ ಮೋಟಾರ್ ಪಟ್ಟಿ ಒಂದು ಕಡೆ ಕಳಚಿ ಜೋತುಬಿತ್ತು. ಬೆಲ್ಟ್ ಹರಿಯಿತು. ಪುಣ್ಯಕ್ಕೆ ಹತ್ತಿರ ಯಾರೂ ಇರಲಿಲ್ಲ. ಬಿಚ್ಚಿ ನೋಡಿದರೆ ನಾಲ್ಕರಲ್ಲಿ ಎರಡು ನಟ್ ಅರ್ಧವೇ ತಿರುಗಿ ತುಟಿಯ ಅಂಚಿಗೆ ಸಿಕ್ಕಿಕೊಂಡಿದ್ದವು. ಆವತ್ತೇ ಎಲ್ಲ ತೆಗೆದು ತುದಿಯಿಂದ ತೂರಿಸುವ ಉದ್ದನೆ ಟಿ-ನಟ್ ಹಾಕಿದೆವು. ಅವು ಗಾಡಿಯೊಳಗೆ ತಿರುಗಲಿಕ್ಕೇ ಆಗುವುದಿಲ್ಲ, ಉದ್ದಕ್ಕೂ ತುಟಿಯನ್ನು ಹಿಡಿದುಕೊಳ್ಳುತ್ತವೆ. ಆಮೇಲೆ ಒಂದೂ ಕಳಚಿಲ್ಲ.

ದುರ್ಗದ ಗಾಳಿ

ಗಾಣದವರ ಮಾತಿಗೆ ನನ್ನದೂ ಒಂದು ಓಟು. ಆದರೆ ತುದಿಯಿಂದ ತೂರಿಸುವ ನಟ್‌ನಲ್ಲಿ ಒಂದು ತೊಂದರೆ. ಚೌಕಟ್ಟು ಮುಚ್ಚುವ ಮೊದಲೇ ಎಲ್ಲ ನಟ್ ಒಳಗಿರಬೇಕು. ಒಂದು ಮರೆತರೂ ಮೂಲೆ ಬಿಚ್ಚಬೇಕು. ನಾನು ಪ್ರತಿ ಗಾಡಿಗೆ ಎರಡು ನಟ್ ಜಾಸ್ತಿಯೇ ತೂರಿಸಿ ಬಿಡುತ್ತೇನೆ. ಮುಂದೆ ಸ್ವಿಚ್ ಬೋರ್ಡೋ ಮುಚ್ಚಳವೋ ಸೇರಿಸಬೇಕಾದಾಗ ಅವು ಕೈಗೆ ಬರುತ್ತವೆ.

ನೇರ ನಿಂತ ಕಾಲುಗಳಲ್ಲಿ ಈ ನಟ್ ಜಾರಿ ಕೆಳಗೆ ಹೋಗಿ ಕೂರುತ್ತದೆ. ಅಂಥ ಕಡೆ ಹಿಂದೆ ಸ್ಪ್ರಿಂಗ್ ಗುಂಡು ಇರುವ ನಟ್ ತಗೊಳ್ಳಿ. ಬಾಯಿಯಿಂದಲೇ ಒಂದು ಮಗ್ಗುಲು ಇಳಿಸಿ ಹೊರಳಿಸಿದರೆ ಒಳಗೆ ಕೂರುತ್ತದೆ, ಸ್ಪ್ರಿಂಗ್ ಅದನ್ನು ಇಟ್ಟ ಜಾಗದಲ್ಲೇ ಹಿಡಿದಿರುತ್ತದೆ. ಹಿಡಿತ ಹ್ಯಾಮರ್ ನಟ್‌ಗಿಂತ ಎಷ್ಟೋ ಮೇಲು. ದುಡ್ಡು ಸ್ವಲ್ಪ ಜಾಸ್ತಿ. ಇದಕ್ಕೆ ಸ್ಲಾಟ್ ಅಳತೆ ಇನ್ನೂ ಕರಾರುವಾಕ್ಕಾಗಿ ಹೊಂದಬೇಕು, ಹೊರಳಲು ಒಳಗೆ ಜಾಗ ಬೇಕಲ್ವಾ.

ಹ್ಯಾಮರ್ ತಲೆಯ ಟಿ-ಬೋಲ್ಟ್ ಅಂತ ಇನ್ನೊಂದಿದೆ. ತಲೆ ಒಳಗೆ, ಥ್ರೆಡ್ ಹೊರಗೆ, ಮೇಲಿಂದ ನಟ್. ಅದರ ಥ್ರೆಡ್ ತುದಿಯಲ್ಲಿ ಒಂದು ಗೀರು ಕೊರೆದಿರುತ್ತಾರೆ. ಒಳಗಿನ ತಲೆ ಯಾವ ಕಡೆಗಿದೆ ಅಂತ ಆ ಗೀರು ಹೇಳುತ್ತದೆ. ಗೀರು ಗಾಡಿಗೆ ಅಡ್ಡವಾಗಿದ್ದರೆ ತಲೆ ಪೂರ್ತಿ ತಿರುಗಿದೆ ಅಂತ. ಗಾಣದವರು ಹೇಳಿದ ‘ಹೊರಗಿಂದ ಕಾಣಲ್ಲ’ ಅನ್ನುವ ತೊಂದರೆ ಇದರಲ್ಲಿಲ್ಲ. ಹೊರಗೆ ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ, ಸುಲಭಕ್ಕೆ ಸಡಿಲವಾಗದ ನಟ್) ಹಾಕಬಹುದು ಅನ್ನುವುದು ಇನ್ನೂ ಒಳ್ಳೆಯದು. ಮೋಟಾರ್ ಕೂರುವ ಜಾಗಕ್ಕೆ ನಾನು ಇದನ್ನೇ ಹೇಳುತ್ತೇನೆ.

ಭಟ್ಟಿಮನೆ

ಗಾಣದ ಅಣ್ಣ, ನಿಮ್ಮ ಮೋಟಾರ್ ಕಥೆ ಓದಿ ಎದೆ ಝಲ್ ಅಂದಿತು. ನಮ್ಮಲ್ಲಿ ಜರಡಿ ಪಕ್ಕದಲ್ಲೇ ಅಮ್ಮ, ಚಿಕ್ಕಮ್ಮ ನಿಂತಿರುತ್ತಾರೆ. ಮೋಟಾರಿಗೂ ಜರಡಿಗೂ ಟಿ-ಬೋಲ್ಟ್ ಮತ್ತು ನೈಲಾಕ್, ಮೂಲೆಗಳಿಗೆಲ್ಲ ಉದ್ದನೆ ಟಿ-ನಟ್. ಅಲ್ಲಿಗೆ ತೀರ್ಮಾನ. ಹ್ಯಾಮರ್ ನಟ್ ಮುಚ್ಚಳ, ಸ್ವಿಚ್ ಬೋರ್ಡ್, ವೈರ್ ಕ್ಲಿಪ್‌ಗೆ ಮಾತ್ರ.

ಬೋಲ್ಟ್ ಸ್ಟೇನ್‌ಲೆಸ್ ತಗೊಳ್ಳಲಾ, ಜಿಂಕ್ ಹಾಕಿದ ಉಕ್ಕು ತಗೊಳ್ಳಲಾ? ತಿನ್ನುವ ವಸ್ತು ಅಂತ ಸ್ಟೇನ್‌ಲೆಸ್ ಕಡೆ ಮನಸ್ಸು ಹೋಗುತ್ತಿದೆ.

ಲ್ಯಾಬ್ ಅಕ್ಕ

ನಿಮ್ಮ ಜಾಗಕ್ಕೆ ಇದು ಯೋಚಿಸಬೇಕಾದ ಪ್ರಶ್ನೆ. ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ತಾಗಿಕೊಂಡಿದ್ದು ಅಲ್ಲಿ ಉಪ್ಪುನೀರು ಸೇರಿದರೆ ಸಣ್ಣ ಬ್ಯಾಟರಿಯ ಹಾಗೆ ಆಗುತ್ತದೆ. ಸವೆಯುವುದು ಅಲ್ಯೂಮಿನಿಯಂ. ಬೋಲ್ಟ್ ಫಳಫಳ ಇರುತ್ತದೆ, ಅದರ ಸುತ್ತ ಬಿಳಿ ಪುಡಿ ಎದ್ದು ಪ್ರೊಫೈಲ್ ತಿಂದುಹೋಗಿರುತ್ತದೆ. ಒಣ ಜಾಗದಲ್ಲಿ ಇದರ ಚಿಂತೆ ಇಲ್ಲ.

ಅದಕ್ಕೆ ನನ್ನ ಸಲಹೆ: ಮಂಡಕ್ಕಿ ತಾಗುವ ಮೇಲ್ಭಾಗಕ್ಕೆ ಸ್ಟೇನ್‌ಲೆಸ್, ಆದರೆ ಬ್ರಾಕೆಟ್‌ಗೂ ಬೋಲ್ಟ್ ತಲೆಗೂ ಮಧ್ಯೆ ನೈಲಾನ್ ವಾಷರ್. ಭಾರ ಹೊರುವ ಮೂಲೆಗಳಿಗೆ ಬೇಡ, ನೈಲಾನ್ ಅದುಮಿಹೋಗಿ ಬಿಗಿ ಸಡಿಲವಾಗುತ್ತದೆ. ಕೆಳಗಿನ ಚೌಕಟ್ಟಿಗೆ ಜಿಂಕ್ ಹಾಕಿದ 8.8 ಗ್ರೇಡ್ (ಬೋಲ್ಟಿನ ಬಲದ ಅಂಕಿ) ಸಾಕು. 12.9 ಕೇಳಿ ತರುವ ಅಗತ್ಯವೇ ಇಲ್ಲ, ಇಲ್ಲಿ ಮೊದಲು ಸೋಲುವುದು ಅಲ್ಯೂಮಿನಿಯಂ ತುಟಿ, ಬೋಲ್ಟ್ ಅಲ್ಲ. ಸ್ಟೇನ್‌ಲೆಸ್ ಬೋಲ್ಟ್‌ಗೆ ಸ್ಟೇನ್‌ಲೆಸ್ ನಟ್ಟೇ ಹಾಕಿದರೆ ಥ್ರೆಡ್‌ಗೆ ಸ್ವಲ್ಪ ಗ್ರೀಸ್ ಹಚ್ಚಿ, ಇಲ್ಲದಿದ್ದರೆ ಬಿಗಿಯುವಾಗಲೇ ಒಂದನ್ನೊಂದು ಕಚ್ಚಿಕೊಂಡು ಬಿಚ್ಚಲಿಕ್ಕೇ ಬರುವುದಿಲ್ಲ.

ಹುರಿಯುವ ಒಲೆಗೆ ಮೇಜು ಎಷ್ಟು ಹತ್ತಿರ? ಅಲ್ಯೂಮಿನಿಯಂ ಬಿಸಿಗೆ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಒಂದು ಮೀಟರ್ ಪೀಸ್ 30 ಡಿಗ್ರಿ ಬಿಸಿಯಾದರೆ ಹೆಚ್ಚುಕಡಿಮೆ 0.7 ಮಿಲಿಮೀಟರ್ ಉದ್ದವಾಗುತ್ತದೆ. ದಿನಾ ಬಿಸಿ, ದಿನಾ ತಂಪು. ಬೋಲ್ಟ್ ನಿಧಾನಕ್ಕೆ ಸಡಿಲವಾಗುತ್ತದೆ.

ಭಟ್ಟಿಮನೆ

ಒಲೆಯಿಂದ ಹದಿನೈದು ಅಡಿ ದೂರ ಇಡುತ್ತೇನೆ ಅಕ್ಕ. ಇನ್ನೂ ದೂರ ಅಂದರೆ ಜಾಗ ಇಲ್ಲ.

ಹರಿಹರ ಲೇತ್

ಅಷ್ಟು ಸಾಕು. ಬೋಲ್ಟ್ ಸಡಿಲವಾಗದ ಹಾಗೆ ನೀಲಿ ಲಾಕ್‌ಟೈಟ್ (ಥ್ರೆಡ್ ಹಿಡಿಯುವ ಅಂಟು) ಒಂದು ಹನಿ ಹಾಕಿ. ಕೆಂಪು ಬೇಡ, ಅದನ್ನು ಬಿಚ್ಚಲು ಬಿಸಿ ಮಾಡಬೇಕು. ಹನಿ ಹಾಕುವ ಮೊದಲು ಥ್ರೆಡ್‌ನ ಎಣ್ಣೆ ಒರೆಸಿ. ಅಕ್ಕ ಗ್ರೀಸ್ ಹೇಳಿದ ಬೋಲ್ಟ್‌ಗೆ ಇದು ಬೇಡ, ಎರಡೂ ಒಟ್ಟಿಗೆ ನಡೆಯುವುದಿಲ್ಲ. ಬರೀ ಸ್ಪ್ರಿಂಗ್ ವಾಷರ್ ನಂಬಿಕೊಂಡು ಜರಡಿ ಓಡಿಸಬೇಡಿ.

ಎಷ್ಟು ಬಿಗಿಯಬೇಕು ಅಂತ ಯಾರೂ ಕೇಳಲಿಲ್ಲ. ಗಟ್ಟಿ ಪ್ರೊಫೈಲ್‌ನಲ್ಲಿ ಎಂ8ಗೆ ಸಾಮಾನ್ಯವಾಗಿ 25 ನ್ಯೂಟನ್ ಮೀಟರ್ ಸುತ್ತಮುತ್ತ ಹೇಳುತ್ತಾರೆ. ತೆಳು ಪ್ರೊಫೈಲ್ ಆದರೆ ಕಡಿಮೆ ಮಾಡಿ. ಟಾರ್ಕ್ ರೆಂಚ್ ಇಲ್ಲದಿದ್ದರೆ ಮಾಮೂಲಿ ಅಲೆನ್ ಕೀ ಉದ್ದನೆ ಕಡೆ ಹಿಡಿದು ಒಂದು ಕೈಯಲ್ಲಿ ಗಟ್ಟಿಯಾಗಿ ಎಳೆದರೆ ಸಾಕು, ಪೈಪ್ ಸೇರಿಸಬೇಡಿ. ಪೈಪ್ ಸೇರಿಸಿದರೆ ತುಟಿ ಹೊರಕ್ಕೆ ಬಾಗುತ್ತದೆ, ಒಮ್ಮೆ ಬಾಗಿದ ತುಟಿ ಮತ್ತೆ ಹಿಡಿಯುವುದಿಲ್ಲ. ಮೂಲೆಗಳಿಗೆ ಬಟನ್ ಹೆಡ್ ತರಬೇಡಿ, ಮಾಮೂಲಿ ಸಿಲಿಂಡರ್ ತಲೆ ತನ್ನಿ. ಎಂ8 ಸಿಲಿಂಡರ್ ತಲೆಗೆ 6ರ ಕೀ, ಬಟನ್‌ಗೆ 5ರದ್ದು. ಸಣ್ಣ ಕೀ, ಆಳವಿಲ್ಲದ ಕುಳಿ, ನಾಲ್ಕು ಸಲ ಬಿಗಿದು ಬಿಚ್ಚುವುದರಲ್ಲಿ ದುಂಡಗಾಗುತ್ತದೆ. ಕೈ ಅಥವಾ ಬಟ್ಟೆ ತಾಗುವ ಕಡೆ ಮಾತ್ರ ಬಟನ್ ಇರಲಿ.

ಇನ್ನು ನಾನು ಮುಖ್ಯ ಅಂದುಕೊಂಡಿರುವ ಮಾತು. ಈ ಜೋಡಣೆಯಲ್ಲಿ ಭಾರ ತಡೆಯುವುದು ಬರೀ ಉಜ್ಜಾಟ. ತುಟಿಗೂ ನಟ್‌ಗೂ ಇರುವ ಹಿಡಿತ ಬಿಟ್ಟರೆ ಬೇರೇನೂ ಇಲ್ಲ. ಹಾಗಾಗಿ ಅಡ್ಡ ಪೀಸನ್ನು ಕಾಲಿನ ಪಕ್ಕಕ್ಕೆ ಬ್ರಾಕೆಟ್‌ನಿಂದ ನೇತು ಹಾಕಬೇಡಿ. ಕಾಲಿನ ತಲೆಯ ಮೇಲೆ ಅಡ್ಡ ಪೀಸ್ ಕೂರಲಿ. ಆಗ ಮಂಡಕ್ಕಿಯ ಭಾರ, ಮೋಟಾರಿನ ಭಾರ ನೇರ ಕಾಲಿಗೆ ಹೋಗಿ ನೆಲಕ್ಕೆ ಇಳಿಯುತ್ತದೆ. ಬೋಲ್ಟ್ ಬರೀ ಅಲ್ಲಾಡದ ಹಾಗೆ ಹಿಡಿದರೆ ಸಾಕು. ಮನೆ ಕಟ್ಟುವಾಗ ತೊಲೆಯನ್ನು ಕಂಬದ ಮೇಲೆ ಇಡುತ್ತಾರೆ, ಪಕ್ಕಕ್ಕೆ ಮೊಳೆ ಹೊಡೆಯುವುದಿಲ್ಲ ಅಲ್ವಾ.

ಕಾಲಿನ ತಲೆಗೆ ಬೋಲ್ಟ್ ಹಾಕಲು ನಡುತೂತಿಗೆ ಟ್ಯಾಪ್ ಹೊಡೆಯಬಹುದು, ಅಂದರೆ ಒಳಗೆ ಥ್ರೆಡ್ ಕೊರೆಯಬಹುದು. ತೂತು 6.8 ಇದ್ದರೆ ಎಂ8 ಟ್ಯಾಪ್ ನೇರ ಹೋಗುತ್ತದೆ, ಡ್ರಿಲ್ ಬೇಡ. ಸೀಮೆಎಣ್ಣೆ ಹಾಕಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಕನಿಷ್ಠ 16 ಮಿಲಿಮೀಟರ್ ಆಳ. ಅವಸರ ಮಾಡಿದರೆ ಅಲ್ಯೂಮಿನಿಯಂ ಚೂರು ಟ್ಯಾಪ್‌ಗೆ ಅಂಟಿ ಥ್ರೆಡ್ ಕಿತ್ತು ಬರುತ್ತದೆ.

ಚಳ್ಳಕೆರೆ ಗಾಣ

ಅರ್ಥಿಂಗ್ ಮರೆಯಬೇಡಿ! ಪ್ರೊಫೈಲ್ ಮೇಲೆ ಅನೋಡೈಸ್ ಪದರ (ಗಟ್ಟಿ ಆಕ್ಸೈಡ್ ಪದರ) ಇರುತ್ತದೆ, ಅದು ಕರೆಂಟ್ ಹರಿಯಲು ಬಿಡುವುದಿಲ್ಲ. ಒಂದು ಪೀಸಿಗೆ ಅರ್ಥ್ ಕೊಟ್ಟರೆ ಪಕ್ಕದ ಪೀಸಿಗೂ ಸಿಕ್ಕಿತು ಅಂತ ತಿಳಿಯಬೇಡಿ. ಮೋಟಾರಿನ ಮೈಗೆ ಅರ್ಥ್ ವೈರ್ ನೇರ ಹಾಕಿ. ಚೌಕಟ್ಟಿಗೆ ಕೊಡುವ ಕಡೆ ಆ ಪದರ ಕೆರೆದು ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಆಮೇಲೆ ಎಲೆಕ್ಟ್ರಿಷಿಯನ್ ಕರೆದು ಪ್ರತಿ ಪೀಸನ್ನೂ ಮೀಟರ್‌ನಲ್ಲಿ ನೋಡಿಸಿ. ಉಪ್ಪು, ಬೆವರು, ಬರಿಗಾಲು ಇರುವ ಜಾಗ ನಿಮ್ಮದು.

ಭಟ್ಟಿಮನೆ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಮೇಜು ನಿಂತಿದೆ. ಕಾಲು ನಾಲ್ಕು, ಕೆಳಗಿನ ಅಡ್ಡಪಟ್ಟಿ ಮೂರು ಹೊಸ 8ರ ಪ್ರೊಫೈಲ್, ಮೇಲಿನ ಚೌಕ ಮತ್ತು ಜರಡಿ ಪಟ್ಟಿ ಗುಜರಿಯ 10ರದ್ದು. ಮೇಲಿನ ಅಡ್ಡ ಪೀಸ್ ಕಾಲಿನ ತಲೆಯ ಮೇಲೆ ಕೂತಿವೆ. ಯಜಮಾನ್ರು ಹೇಳಿದ ಹಾಗೆ ಸೀಮೆಎಣ್ಣೆ ಹಾಕಿ ಟ್ಯಾಪ್ ಹೊಡೆದೆ, ನಾಲ್ಕು ಕಾಲಿಗೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ನಾಲ್ಕೂ ಸರಿಯಾಗಿ ಬಂತು. ಅರ್ಥಿಂಗ್ ಕೂಡ ನೋಡಿಸಿದೆ, ಎರಡು ಅಡ್ಡಪಟ್ಟಿಗೆ ನಿಜವಾಗಿಯೂ ಸಿಕ್ಕಿರಲಿಲ್ಲ, ವೈರ್ ಸೇರಿಸಿದೆವು.

ಪ್ರತಿ ಬೋಲ್ಟ್ ತಲೆಯಿಂದ ಬ್ರಾಕೆಟ್‌ಗೆ ಒಂದು ಗೆರೆ ಬಣ್ಣ ಎಳೆದಿದ್ದೆ, ಸಡಿಲವಾದರೆ ಕಾಣಲಿ ಅಂತ. ಹದಿನೈದು ದಿನ ಓಡಿಸಿ ನೋಡಿದರೆ ಮೋಟಾರ್ ಹತ್ತಿರದ ಎರಡು ಗೆರೆ ಒಂದಿಷ್ಟು ಸರಿದಿದ್ದವು. ಆ ಎರಡಕ್ಕೆ ಮಾತ್ರ ನಾನು ಲಾಕ್‌ಟೈಟ್ ಹಾಕಿರಲಿಲ್ಲ, ಟ್ಯೂಬ್ ಮುಗಿದಿತ್ತು. ಹಾಕಿ ಬಿಗಿದ ಮೇಲೆ ಈವರೆಗೆ ಅಲ್ಲಾಡಿಲ್ಲ. ಚಿಕ್ಕಮ್ಮ ಮೊದಲ ದಿನ ನಿಂತೇ ಹನ್ನೆರಡು ಚೀಲ ತುಂಬಿದರು.

ಹ್ಯಾಮರ್ ನಟ್ ಇನ್ನೂ 160 ಉಳಿದಿವೆ, 10ರ ಸ್ಲಾಟ್, ಎಂ8. ಆ 38.1ರ ಎರಡು ಪೀಸ್ ಕೂಡ ಇವೆ, ನಟ್ ಸಮೇತ. ಯಾರಿಗಾದರೂ ಬೇಕಾ?

ದುರ್ಗದ ಗಾಳಿ

ನಟ್ 50 ನನಗೆ ಇರಲಿ ಅಣ್ಣ, ಭಾನುವಾರ ದಾವಣಗೆರೆಗೆ ಬರುವವನಿದ್ದೇನೆ. ಅಳೆದು ನೋಡಿಕೊಂಡೇ ಹೇಳುತ್ತಿದ್ದೇನೆ, ನನ್ನದು 10.2.

ಹರಿಹರ ಲೇತ್

ಇಂಚಿನ ಪೀಸ್ ಎರಡೂ ನನಗೆ ಬೇಕು. 5/16 ಬೋಲ್ಟ್ ನನ್ನ ಹಳೇ ಡಬ್ಬಿಯಲ್ಲಿವೆ.